ಕಥೆಗಳ ಅಹಂಕಾರಿ ಮೇಧಾವಿ ಮತ್ತು ನಮ್ಮ ಕರ್ವಾಲೋ

ಕಥೆ, ಕಾದಂಬರಿ, ಸಿನಿಮಾಗಳಲ್ಲಿ ಮತ್ತೆ ಮತ್ತೆ ಎದುರಾಗುವ ಒಂದು ಪಾತ್ರವಿದೆ. ಅವನು ಅಸಾಧಾರಣ ಬುದ್ಧಿವಂತ. ಉಳಿದವರು ದಿನಗಟ್ಟಲೆ ತಲೆ ಕೆಡಿಸಿಕೊಂಡ ಸಮಸ್ಯೆಯನ್ನು ಕ್ಷಣಮಾತ್ರದಲ್ಲಿ ಬಿಡಿಸುತ್ತಾನೆ. ಆದರೆ ಅವನ ಮಾತು ಒರಟು. ಜೊತೆಗಾರರನ್ನು ದಡ್ಡರೆಂದು ಹೀಯಾಳಿಸುತ್ತಾನೆ, ಪ್ರಶ್ನೆ ಕೇಳಿದವರ ಮೇಲೆ ರೇಗುತ್ತಾನೆ, ಯಾರ ಉಪಕಾರವನ್ನೂ ನೆನೆಯುವುದಿಲ್ಲ. ಆದರೂ ಎಲ್ಲರೂ ಅವನನ್ನು ಸಹಿಸಿಕೊಳ್ಳುತ್ತಾರೆ. ಏಕೆಂದರೆ ಕೊನೆಯಲ್ಲಿ ಅವನು ಹೇಳಿದ್ದೇ ನಿಜವಾಗುತ್ತದೆ.

1887ರಲ್ಲಿ ಆರ್ಥರ್ ಕಾನನ್ ಡಾಯ್ಲ್ ಸೃಷ್ಟಿಸಿದ ಷರ್ಲಾಕ್ ಹೋಮ್ಸ್ ಈ ವಂಶದ ಹಿರಿಯ. 2004ರಿಂದ 2012ರವರೆಗೆ ಪ್ರಸಾರವಾದ ‘ಹೌಸ್’ ಧಾರಾವಾಹಿಯ ವೈದ್ಯ, 2007ರಿಂದ 2019ರವರೆಗೆ ನಡೆದ ‘ದಿ ಬಿಗ್ ಬ್ಯಾಂಗ್ ಥಿಯರಿ’ಯ ಭೌತವಿಜ್ಞಾನಿ ಶೆಲ್ಡನ್ ಕೂಪರ್ ಅದೇ ವಂಶದವರು. ಹಿಂದೆ ಇಂಥ ಪಾತ್ರಗಳು ಇಂಗ್ಲಿಷ್ ಪುಸ್ತಕ ಓದುವವರಿಗಷ್ಟೇ ಪರಿಚಿತವಾಗಿದ್ದವು. ಇಂದು ಮಹಾಲಿಂಗಪುರದ ವಿದ್ಯಾರ್ಥಿಯ ಮೊಬೈಲ್ ಫೋನಿನಲ್ಲೂ ಅವು ಕಾಣಿಸುತ್ತವೆ.

ಇದು ಬರಿಯ ಮನರಂಜನೆ ಎಂದು ಸುಮ್ಮನಿರಬಹುದಿತ್ತು. ಆದರೆ ನಮ್ಮ ಊರುಗಳ ಹೆಚ್ಚಿನ ವಿದ್ಯಾರ್ಥಿಗಳು ಸಂಶೋಧನೆಯಲ್ಲಿ ತೊಡಗಿರುವ ವಿಜ್ಞಾನಿಯೊಬ್ಬರನ್ನು ಕಣ್ಣಾರೆ ಕಂಡಿರುವುದಿಲ್ಲ. ವಿಜ್ಞಾನಿ ಎಂದರೆ ಹೇಗಿರುತ್ತಾನೆ, ಹೇಗೆ ಯೋಚಿಸುತ್ತಾನೆ ಎಂಬ ಚಿತ್ರ ಅವರಿಗೆ ದೊರೆಯುವುದು ಬಹುಮಟ್ಟಿಗೆ ಕಥೆಗಳಿಂದಲೇ. ಆದ್ದರಿಂದ ಈ ಚಿತ್ರ ಎಷ್ಟು ಸರಿ ಎಂದು ಪರೀಕ್ಷಿಸುವುದು ವಿಜ್ಞಾನ ಶಿಕ್ಷಕರ ಕೆಲಸವೂ ಹೌದು.

ಎರವಲು ತಂದ ಆತ್ಮವಿಶ್ವಾಸ

ಹೋಮ್ಸ್ ಮೊದಲ ಭೇಟಿಯಲ್ಲೇ ಡಾಕ್ಟರ್ ವಾಟ್ಸನ್‌ರನ್ನು ನೋಡಿ, ನೀವು ಅಫ್ಘಾನಿಸ್ತಾನದಿಂದ ಬಂದಿದ್ದೀರಿ ಎನ್ನುತ್ತಾನೆ. ವಾಟ್ಸನ್ ಬೆರಗಾಗುತ್ತಾರೆ, ಓದುಗರೂ ಬೆರಗಾಗುತ್ತಾರೆ. ಅವನ ತರ್ಕ ಹೀಗಿದೆ: ಈತ ವೈದ್ಯ, ನಿಲುವಿನಲ್ಲಿ ಸೈನಿಕನ ಗತ್ತಿದೆ, ಮುಖ ಬಿಸಿಲಿಗೆ ಕಂದಿದೆ, ತೋಳಿಗೆ ಗಾಯವಾಗಿದೆ, ಆದ್ದರಿಂದ ಅಫ್ಘಾನಿಸ್ತಾನ.

ಈಗ ವಿಜ್ಞಾನದ ವಿದ್ಯಾರ್ಥಿಗಳಾಗಿ ಇದನ್ನು ನೋಡೋಣ. 1879ರಲ್ಲಿ ದಕ್ಷಿಣ ಆಫ್ರಿಕದಲ್ಲಿ ಬ್ರಿಟಿಷ್ ಸೈನ್ಯ ಜುಲು ಜನರೊಡನೆ ಕಾದಾಡಿತು. 1880–81ರಲ್ಲಿ ಅಲ್ಲಿಯೇ ಬೋಯರರೊಡನೆ ಇನ್ನೊಂದು ಯುದ್ಧ ನಡೆಯಿತು. ಅಲ್ಲಿಯೂ ಬಿಸಿಲಿತ್ತು, ಅಲ್ಲಿಯೂ ಸೇನಾ ವೈದ್ಯರಿದ್ದರು, ಅಲ್ಲಿಯೂ ತೋಳಿಗೆ ಗಾಯವಾಗಬಹುದಿತ್ತು. ಹೋಮ್ಸ್ ನೀಡಿದ ಸಾಕ್ಷ್ಯ ಎರಡೂ ಊಹೆಗಳಿಗೆ ಸಮನಾಗಿ ಹೊಂದುತ್ತದೆ. ಹೀಗಿರುವಾಗ ವಿಜ್ಞಾನಿಯಾದವನು ‘ಇರಬಹುದು’ ಎನ್ನಬೇಕು, ಎರಡನ್ನೂ ಬೇರ್ಪಡಿಸುವ ಮೂರನೆಯ ಸಾಕ್ಷ್ಯವನ್ನು ಹುಡುಕಬೇಕು. ಹೋಮ್ಸ್ ಹುಡುಕುವುದಿಲ್ಲ, ಆದರೂ ಅವನ ಉತ್ತರ ತಪ್ಪುವುದಿಲ್ಲ. ಏಕೆ?

ಏಕೆಂದರೆ ಉತ್ತರವನ್ನು ಮೊದಲೇ ಬರೆದಿಟ್ಟಿರುವುದು ಕಥೆಗಾರ. ಉತ್ತರ ತಿಳಿದ ಮೇಲೆ ಅದಕ್ಕೆ ಬೇಕಾದ ಸುಳಿವುಗಳನ್ನು ಹಿಂದಿನ ಪುಟಗಳಲ್ಲಿ ಇಡುತ್ತಾ ಹೋಗುವುದು ಅವನ ಕಸಬು. ಹೋಮ್ಸನ ಆತ್ಮವಿಶ್ವಾಸ ಅವನ ಸ್ವಂತ ಗಳಿಕೆಯಲ್ಲ, ಲೇಖಕನಿಂದ ಎರವಲು ತಂದದ್ದು. ಪ್ರಕೃತಿಯನ್ನು ಅಭ್ಯಸಿಸುವವರಿಗೆ ಹೀಗೆ ಎರವಲು ಕೊಡುವವರು ಯಾರೂ ಇಲ್ಲ. ಕೊನೆಯ ಪುಟದಲ್ಲಿ ಏನಿದೆ ಎಂದು ತಿಳಿಯದೆಯೇ ನಾವು ಮೊದಲ ಪುಟವನ್ನು ಓದಬೇಕು.

‘ಹೌಸ್’ ಧಾರಾವಾಹಿಯ ವೈದ್ಯ ಸ್ವಲ್ಪ ಭಿನ್ನ. ಒಂದೊಂದು ಕಂತಿನಲ್ಲೂ ಅವನ ಮೊದಲ ಕೆಲವು ರೋಗನಿದಾನಗಳು ತಪ್ಪಾಗುತ್ತವೆ. ಆದರೆ ಆ ತಪ್ಪುಗಳು ಅವನ ಗರ್ವವನ್ನು ಒಂದಿಷ್ಟೂ ತಗ್ಗಿಸುವುದಿಲ್ಲ. ಕೊನೆಯ ಕೆಲವು ನಿಮಿಷಗಳಲ್ಲಿ ಸರಿಯಾದ ಉತ್ತರ ಹೊಳೆದುಬಿಡುತ್ತದೆ, ಹಿಂದಿನದೆಲ್ಲ ಮಾಫಿಯಾಗುತ್ತದೆ. ಅಲ್ಲಿ ತಪ್ಪಿಗೆ ಬೆಲೆಯಿಲ್ಲ. ನಿಜವಾದ ಆಸ್ಪತ್ರೆಯಲ್ಲಿ ಆ ಬೆಲೆಯನ್ನು ರೋಗಿ ತೆರಬೇಕಾಗುತ್ತದೆ.

ಒರಟುತನವನ್ನು ಕಥೆಗಾರರು ಇಷ್ಟಪಡುವುದಕ್ಕೆ ಇನ್ನೊಂದು ಕಾರಣವೂ ಇದೆ. ಆಲೋಚನೆಯನ್ನು ತೋರಿಸುವುದು ಕಷ್ಟ. ಒಬ್ಬರು ಮೂರು ತಿಂಗಳು ಒಂದು ಸಮೀಕರಣದ ಮುಂದೆ ಕುಳಿತದ್ದನ್ನು ರಂಜನೀಯವಾಗಿ ಚಿತ್ರಿಸುವುದು ಹೇಗೆ? ಆದರೆ ಸಹಾಯಕನನ್ನು ಗದರಿಸುವುದನ್ನು ಒಂದೇ ಸಾಲಿನಲ್ಲಿ ತೋರಿಸಬಹುದು. ಹೀಗೆ ಸಿಡುಕು ಪ್ರತಿಭೆಯ ಗುರುತುಪಟ್ಟಿಯಾಗಿಬಿಟ್ಟಿದೆ.

ಎರಡು ಕಾದಂಬರಿ, ಒಂದೇ ಹುಡುಕಾಟ

ಇದೇ ಕಾನನ್ ಡಾಯ್ಲ್ 1912ರಲ್ಲಿ ‘ದಿ ಲಾಸ್ಟ್ ವರ್ಲ್ಡ್’ ಎಂಬ ಕಾದಂಬರಿಯನ್ನು ಪ್ರಕಟಿಸಿದ. ಅದರ ನಾಯಕ ಪ್ರಾಣಿವಿಜ್ಞಾನಿ ಪ್ರೊಫೆಸರ್ ಚಾಲೆಂಜರ್. 1980ರಲ್ಲಿ ನಮ್ಮ ಪೂರ್ಣಚಂದ್ರ ತೇಜಸ್ವಿಯವರ ‘ಕರ್ವಾಲೋ’ ಹೊರಬಂತು. ಇವೆರಡನ್ನೂ ಪಕ್ಕಪಕ್ಕದಲ್ಲಿಟ್ಟು ಓದಿದರೆ ಒಂದು ಸ್ವಾರಸ್ಯ ಕಾಣುತ್ತದೆ. ಕಥೆಯ ಹಂದರ ಬಹಳಷ್ಟು ಒಂದೇ. ಯುಗಯುಗಗಳ ಹಿಂದಿನ ಜೀವಿಯೊಂದು ಇನ್ನೂ ಬದುಕಿದೆ ಎಂಬ ಸುಳಿವು ವಿಜ್ಞಾನಿಗೆ ಸಿಗುತ್ತದೆ. ಅವನು ಒಂದು ತಂಡ ಕಟ್ಟಿಕೊಂಡು ದುರ್ಗಮ ಕಾಡಿಗೆ ಹೋಗುತ್ತಾನೆ. ಕೊನೆಗೆ ಆ ಜೀವಿ ಎಲ್ಲರ ಕಣ್ಣೆದುರಿನಲ್ಲೇ ಹಾರಿಹೋಗುತ್ತದೆ. ಹಂದರ ಒಂದೇ ಆದರೂ ವಿಜ್ಞಾನ ಎಂದರೇನು ಎಂಬುದಕ್ಕೆ ಎರಡೂ ಕೊಡುವ ಉತ್ತರ ಬೇರೆ ಬೇರೆ.

ಮೊದಲು ಚಾಲೆಂಜರ್‌ನನ್ನು ನೋಡೋಣ. ಮೆಲೋನ್ ಎಂಬ ಯುವ ಪತ್ರಕರ್ತ ತನ್ನ ವೃತ್ತಿಯನ್ನು ಮರೆಮಾಚಿ ಅವನನ್ನು ಕಾಣಲು ಹೋಗುತ್ತಾನೆ. ಗುಟ್ಟು ರಟ್ಟಾದ ಕೂಡಲೇ ಚಾಲೆಂಜರ್ ಮೈಮೇಲೆ ಬೀಳುತ್ತಾನೆ; ಇಬ್ಬರೂ ಜಗಳಾಡುತ್ತಾ ಉರುಳಿಕೊಂಡು ಬೀದಿಗೆ ಬಂದು ಬೀಳುತ್ತಾರೆ. ಓದುವಾಗ ನಗು ಬರುವುದು ಸಹಜ. ಡಾಯ್ಲ್ ಇದನ್ನು ಹಾಸ್ಯವಾಗಿಯೇ ಬರೆದಿದ್ದಾನೆ. ಚಾಲೆಂಜರ್ ಬಳಿ ಇರುವ ಸಾಕ್ಷ್ಯ ತೀರ ದುರ್ಬಲ: ಮೇಪಲ್ ವೈಟ್ ಎಂಬ ಮೃತ ಅಮೆರಿಕನ್ ಚಿತ್ರಕಾರನ ಪುಸ್ತಕದಲ್ಲಿದ್ದ ರೇಖಾಚಿತ್ರ, ಹಾಳಾದ ಕೆಲವು ಛಾಯಾಚಿತ್ರ, ಒಂದಿಷ್ಟು ಮೂಳೆ. ಇಂಥ ಸಾಕ್ಷ್ಯವನ್ನು ಸಂಶಯದಿಂದ ನೋಡುವುದು ಉಳಿದ ವಿಜ್ಞಾನಿಗಳ ಕರ್ತವ್ಯ. ಆದರೆ ಚಾಲೆಂಜರ್ ಸಂಶಯವನ್ನೇ ಅಪಮಾನವೆಂದು ಭಾವಿಸುತ್ತಾನೆ. ಕಥೆಯೂ ಅವನ ಪಕ್ಷ ವಹಿಸಿ ಕೊನೆಗೆ ಅವನೇ ಸರಿಯೆಂದು ತೀರ್ಪು ಕೊಡುತ್ತದೆ.

ಡಾಯ್ಲ್‌ಗೆ ನ್ಯಾಯ ಸಲ್ಲಬೇಕಾದರೆ ಎರಡು ಮಾತು ಹೇಳಬೇಕು. ಚಾಲೆಂಜರ್‌ನ ಹೇಳಿಕೆಯನ್ನು ಪರೀಕ್ಷಿಸಲು ಅವನ ಕಟು ವಿರೋಧಿಯಾದ ಪ್ರೊಫೆಸರ್ ಸಮ್ಮರ್‌ಲಿಯನ್ನೂ ತಂಡದಲ್ಲಿ ಕಳಿಸುತ್ತಾನೆ. ವಿಜ್ಞಾನ ನಡೆಯಬೇಕಾದ ಕ್ರಮ ಕಥೆಯ ನಾಯಕನಿಗಿಂತ ಲೇಖಕನಿಗೆ ಚೆನ್ನಾಗಿ ಗೊತ್ತಿತ್ತು. ಚಾಲೆಂಜರ್ ಕೂಡ ಆ ಪ್ರಸ್ಥಭೂಮಿಗೆ ಮೇಪಲ್ ವೈಟ್‌ನ ಹೆಸರನ್ನೇ ಇಟ್ಟು ಋಣ ತೀರಿಸುತ್ತಾನೆ. ಆದರೆ ಗಮನಿಸಿ, ಹೆಸರಿನ ಗೌರವ ಸಿಕ್ಕಿದ್ದು ಸತ್ತವನಿಗೆ. ಆ ಕಾಡನ್ನು ಬಲ್ಲ, ಬದುಕಿರುವ ಸ್ಥಳೀಯ ಜನ ಕಥೆಯಲ್ಲಿ ಹೆಚ್ಚಾಗಿ ಸಾಮಾನು ಹೊರುವವರಾಗಿ ಬರುತ್ತಾರೆ. ಅವರ ತಿಳಿವಳಿಕೆಗೆ ಅಲ್ಲಿ ಮೂಢನಂಬಿಕೆ ಎಂದು ಹೆಸರು.

ಈಗ ಮೂಡಿಗೆರೆಯ ಕಡೆಗೆ ಬರೋಣ. ಕರ್ವಾಲೋ ಕೂಡ ಮೇಧಾವಿಯೇ. ಆದರೆ ಆ ಹಾರುವ ಓತಿಯನ್ನು ಕಂಡವನು ಅವರಲ್ಲ, ಮಂದಣ್ಣ. ಊರಿನವರ ಲೆಕ್ಕದಲ್ಲಿ ಮಂದಣ್ಣ ಕೆಲಸಕ್ಕೆ ಬಾರದ ಅಬ್ಬೇಪಾರಿ. ಕಥೆ ಹೇಳುತ್ತಿರುವ ಕೃಷಿಕನಿಗೂ ಮೊದಮೊದಲು ಅವನ ಬಗ್ಗೆ ಅಂಥದೇ ಅಭಿಪ್ರಾಯ. ಜೇನು ಹುಳುಗಳ ನಡೆಯನ್ನು ಬಲ್ಲ, ಕಾಡಿನಲ್ಲಿ ಎಲ್ಲರೂ ಕಾಣದ್ದನ್ನು ಕಾಣುವ ಅವನ ಕಣ್ಣಿನಲ್ಲಿ ಒಬ್ಬ ಹುಟ್ಟು ಜೀವಿವಿಜ್ಞಾನಿಯನ್ನು ಗುರುತಿಸುವುದು ಕರ್ವಾಲೋ ಒಬ್ಬರೇ. ಅವರ ಪ್ರತಿಭೆಯ ಅತಿ ದೊಡ್ಡ ನಿದರ್ಶನವೆಂದರೆ ಈ ಗುರುತಿಸುವಿಕೆಯೇ. ಮಂದಣ್ಣ ಪೊಲೀಸ್ ಕೇಸಿನಲ್ಲಿ ಸಿಕ್ಕಿಬಿದ್ದಾಗ ಅವರು ಅವನ ಬೆನ್ನಿಗೆ ನಿಲ್ಲುತ್ತಾರೆ, ಅವನ ಮದುವೆಯ ವಿಷಯದಲ್ಲೂ ತಲೆಹಾಕುತ್ತಾರೆ. ಊರಿನವರಿಗೆ ಇದು ಅರ್ಥವಾಗುವುದಿಲ್ಲ. ದೊಡ್ಡ ವಿಜ್ಞಾನಿಗೆ ಈ ದನಗಾಹಿ ಹುಡುಗನಿಂದ ಏನಾಗಬೇಕು?

ಏನಾಗಬೇಕೆಂಬುದು ಓತಿಯನ್ನು ಹುಡುಕಿ ಹೊರಟಾಗ ತಿಳಿಯುತ್ತದೆ. ತಂಡದಲ್ಲಿ ಛಾಯಾಗ್ರಾಹಕ ಪ್ರಭಾಕರನಿದ್ದಾನೆ, ಮರ ಹತ್ತುವುದರಲ್ಲಿ ನಿಸ್ಸೀಮನಾದ ಬಿರಿಯಾನಿ ಕರಿಯಪ್ಪನಿದ್ದಾನೆ, ಕೃಷಿಕನಿದ್ದಾನೆ, ಅವನ ನಾಯಿ ಕಿವಿಯೂ ಇದೆ. ಇವರಲ್ಲಿ ಯಾರನ್ನು ಬಿಟ್ಟರೂ ಹುಡುಕಾಟ ಕುಂಟುತ್ತದೆ. ಕರ್ವಾಲೋ ಅವರ ವಿದ್ವತ್ತು ಅಗತ್ಯ, ಆದರೆ ಅದೊಂದೇ ಸಾಲದು. ವಿಜ್ಞಾನ ಅಲ್ಲಿ ಹಲವು ಕಣ್ಣು, ಹಲವು ಕೈಗಳ ಕೆಲಸವಾಗುತ್ತದೆ.

ಎರಡೂ ಕಥೆಗಳ ಮುಕ್ತಾಯವನ್ನು ಹೋಲಿಸಿದರೆ ವ್ಯತ್ಯಾಸ ಇನ್ನೂ ಸ್ಪಷ್ಟವಾಗುತ್ತದೆ. ಚಾಲೆಂಜರ್ ಲಂಡನ್ನಿನ ತುಂಬಿದ ಸಭೆಯಲ್ಲಿ ಪೆಟ್ಟಿಗೆ ತೆರೆಯುತ್ತಾನೆ. ಒಳಗಿನಿಂದ ಜೀವಂತ ಟೆರೊಡ್ಯಾಕ್ಟೈಲ್ ಹೊರಬಂದು, ಸಭಿಕರನ್ನು ಬೆಚ್ಚಿಬೀಳಿಸಿ, ಕಿಟಕಿಯಿಂದ ಹಾರಿಹೋಗುತ್ತದೆ. ಅಷ್ಟರೊಳಗೆ ಸಂಶಯಪಟ್ಟವರ ಬಾಯಿ ಮುಚ್ಚಿರುತ್ತದೆ. ಸಾಹಸಿಗಳನ್ನು ಜನ ಹೆಗಲ ಮೇಲೆ ಹೊತ್ತು ಮೆರವಣಿಗೆ ಮಾಡುತ್ತಾರೆ. ‘ಕರ್ವಾಲೋ’ದಲ್ಲಿ ಸಭೆಯಿಲ್ಲ, ಮೆರವಣಿಗೆಯಿಲ್ಲ. ಇನ್ನೇನು ಕೈಗೆ ಸಿಕ್ಕಿತು ಎನ್ನುವಾಗ ಓತಿ ಘಟ್ಟದ ಅಂಚಿನಿಂದ ಕಣಿವೆಯ ಆಳದತ್ತ ತೇಲಿಹೋಗುತ್ತದೆ. ಉಳಿಯುವುದು ಆ ಕಣಿವೆ ಮತ್ತು ಅದನ್ನು ನೋಡುತ್ತಾ ನಿಂತ ಕೆಲವು ಜನ. ಅವರಲ್ಲಿ ಪ್ರಕೃತಿಯ ವಿಸ್ತಾರದ ಮುಂದೆ ತಾವು ಎಷ್ಟು ಚಿಕ್ಕವರು ಎಂಬ ಅರಿವು. ಚಾಲೆಂಜರ್‌ನಿಗೆ ಆ ಜೀವಿ ವಾದ ಗೆಲ್ಲುವ ಸಾಧನ. ಕರ್ವಾಲೋಗೆ ಅದೇ ಪ್ರಶ್ನೆ.

ಪಶ್ಚಿಮ ಘಟ್ಟಗಳಲ್ಲಿ ಹಾರುವ ಓತಿ ನಿಜವಾಗಿಯೂ ಇದೆ ಎಂಬುದನ್ನು ವಿದ್ಯಾರ್ಥಿಗಳು ತಿಳಿದಿರಬೇಕು. ಡ್ರಾಕೊ ಎಂಬ ಕುಲಕ್ಕೆ ಸೇರಿದ ಅದು ಹೊರಚಾಚಿದ ಪಕ್ಕೆಲುಬುಗಳ ನಡುವಿನ ಚರ್ಮವನ್ನು ಬಿಚ್ಚಿ ಮರದಿಂದ ಮರಕ್ಕೆ ತೇಲುತ್ತದೆ. ಹಕ್ಕಿಯಂತೆ ರೆಕ್ಕೆ ಬಡಿದು ಮೇಲೇರಲಾರದು. ಕಾದಂಬರಿಯ ಪ್ರಾಚೀನ ಓತಿ ಮಾತ್ರ ತೇಜಸ್ವಿಯವರ ಕಲ್ಪನೆಯ ವಿಸ್ತರಣೆ.

ಹಾಗೆಂದು ‘ಕರ್ವಾಲೋ’ ದೋಷಾತೀತವೇನಲ್ಲ. ಕರ್ವಾಲೋ ತಮ್ಮ ಉದ್ದೇಶವನ್ನು ಬಹಳ ಕಾಲ ಬಿಟ್ಟುಕೊಡುವುದಿಲ್ಲ. ಕಥೆ ಹೇಳುವವನು ಅವರನ್ನು ನೋಡುವ ದೃಷ್ಟಿಯಲ್ಲಿ ಗುರುಭಕ್ತಿಯ ಛಾಯೆಯಿದೆ. ಅಲ್ಲದೆ ಚಾಲೆಂಜರ್‌ನ ತಂಡದಲ್ಲಿ ಹೇಗೋ ಹಾಗೆಯೇ ಈ ತಂಡದಲ್ಲೂ ಹೆಣ್ಣುಮಕ್ಕಳಿಲ್ಲ. ಕಥೆಗಳ ಅಹಂಕಾರಿ ಮೇಧಾವಿ ಬಹುತೇಕ ಗಂಡಸೇ ಆಗಿರುವುದು ಆಕಸ್ಮಿಕವಲ್ಲ. ಅದೇ ಸಿಡುಕನ್ನು ಒಬ್ಬ ಹುಡುಗಿ ತೋರಿಸಿದರೆ ನಾವು ಅದನ್ನು ಪ್ರತಿಭೆ ಎನ್ನುವುದಿಲ್ಲ, ಉದ್ಧಟತನ ಎನ್ನುತ್ತೇವೆ.

ರನ್ನನ ಎಂಟೆದೆ

ಅಹಂಕಾರಿ ಪ್ರತಿಭೆ ಪಶ್ಚಿಮದಿಂದ ಬಂದ ಸರಕು ಎಂದು ತಿಳಿಯಬೇಕಿಲ್ಲ. ಮಹಾಲಿಂಗಪುರಕ್ಕೆ ಸಮೀಪದ ಮುಧೋಳ, ಅಂದರೆ ಅಂದಿನ ಮುದುವೊಳಲು, ಕವಿಚಕ್ರವರ್ತಿ ರನ್ನನ ಹುಟ್ಟೂರು. 949ರಲ್ಲಿ ಬಳೆಗಾರರ ಕುಟುಂಬದಲ್ಲಿ ಹುಟ್ಟಿ, ಚಾಲುಕ್ಯರ ಆಸ್ಥಾನದವರೆಗೆ ಏರಿದ ಈ ಕವಿಯ ಸ್ವಾಭಿಮಾನ ಪ್ರಸಿದ್ಧ. ಆದಿಶೇಷನ ಹೆಡೆಯ ರತ್ನವನ್ನೂ ರನ್ನನ ಕಾವ್ಯವನ್ನೂ ಪರೀಕ್ಷಿಸಲು ಹೊರಡುವವನಿಗೆ ಎಂಟೆದೆಯಿದೆಯೇ ಎಂಬುದು ಅವನ ಒಂದು ಪದ್ಯದ ತಾತ್ಪರ್ಯ. ಬಳೆ ಮಾರುವವರ ಮನೆಯ ಹುಡುಗನ ಬಾಯಲ್ಲಿ ಈ ಮಾತು ಕೇಳಿದಾಗ ನಮ್ಮ ಭಾಗದವರಿಗೆ ಹೆಮ್ಮೆಯಾಗುತ್ತದೆ. ಆಗಬೇಕಾದದ್ದೇ.

ಆದರೆ ಕಾವ್ಯಕ್ಕೆ ಒಪ್ಪುವ ಈ ಸವಾಲು ವಿಜ್ಞಾನಕ್ಕೆ ಒಪ್ಪುವುದಿಲ್ಲ. ವಿಜ್ಞಾನದಲ್ಲಿ ಪರೀಕ್ಷಿಸುವವನಿಗೆ ಎಂಟೆದೆ ಬೇಕಿಲ್ಲ, ಸರಿಯಾದ ಒಂದು ಅಳತೆಗೋಲು ಇದ್ದರೆ ಸಾಕು. ಗೆಲಿಲಿಯೋ ಹೇಳಿದ ಬೀಳುವ ವಸ್ತುಗಳ ನಿಯಮವನ್ನು ಹೈಸ್ಕೂಲಿನ ವಿದ್ಯಾರ್ಥಿನಿ ಒಂದು ಇಳಿಜಾರು ಹಲಗೆ, ಒಂದು ಗೋಲಿ, ಒಂದು ಗಡಿಯಾರ ಇಟ್ಟುಕೊಂಡು ಪರೀಕ್ಷಿಸಬಹುದು. ಅವಳಿಗೆ ಗೆಲಿಲಿಯೋನ ಅನುಮತಿ ಬೇಕಿಲ್ಲ.

ಓದದೆ ವಿದ್ಯೆ ಬೇಕೆನ್ನುವ ಗರ್ವಕ್ಕೂ ನಮ್ಮಲ್ಲಿ ಕಥೆಯಿದೆ. ಮಹಾಭಾರತದ ವನಪರ್ವದ ಯವಕ್ರೀತ ಗುರುವಿನ ಬಳಿ ಕಲಿಯದೆ ತಪಸ್ಸಿನಿಂದಲೇ ವೇದಗಳನ್ನು ಪಡೆಯಲು ಹೊರಡುತ್ತಾನೆ. ಇಂದ್ರ ಮುದುಕನ ವೇಷದಲ್ಲಿ ಬಂದು, ಗಂಗೆಗೆ ಹಿಡಿಹಿಡಿಯಾಗಿ ಮರಳು ಎಸೆದು ಸೇತುವೆ ಕಟ್ಟುತ್ತಿದ್ದೇನೆ ಎನ್ನುತ್ತಾನೆ. ಯವಕ್ರೀತನಿಗೆ ಆ ಸುಳಿವು ಸಾಲದು. ಅವನು ವಿದ್ಯೆ ಪಡೆದು, ಮದದಿಂದ ಅಕೃತ್ಯವೆಸಗಿ ನಾಶವಾಗುತ್ತಾನೆ. ಗಿರೀಶ ಕಾರ್ನಾಡರ ‘ಅಗ್ನಿ ಮತ್ತು ಮಳೆ’ ನಾಟಕಕ್ಕೆ ಇದೇ ಕಥೆ ಆಧಾರ. ನಮ್ಮ ಹಳೆಯ ಕಥೆಗಾರರು ಅಹಂಕಾರವನ್ನು ಪ್ರತಿಭೆಯ ಲಕ್ಷಣವೆಂದು ಭಾವಿಸಲಿಲ್ಲ, ಪ್ರತಿಭೆಗೆ ತಗಲುವ ರೋಗವೆಂದು ಕಂಡರು.

ನಿಜವಾದ ವಿಜ್ಞಾನಿಗಳೂ ಗರ್ವಿಗಳಲ್ಲವೇ?

ಇಲ್ಲಿ ಒಂದು ಆಕ್ಷೇಪ ಏಳಬಹುದು. ಅನೇಕ ಮಹಾನ್ ವಿಜ್ಞಾನಿಗಳು ಗರ್ವಿಷ್ಠರಾಗಿದ್ದರಲ್ಲ? ಹೌದು, ಇದ್ದರು. ಸರ್ ಸಿ. ವಿ. ರಾಮನ್ ಅವರಲ್ಲಿ ಆತ್ಮವಿಶ್ವಾಸಕ್ಕೆ ಕೊರತೆಯಿರಲಿಲ್ಲ ಎಂಬುದು ಎಲ್ಲರಿಗೂ ಗೊತ್ತು. ಆದರೆ ಅವರ ಬದುಕಿನ ಎರಡು ಪ್ರಸಂಗಗಳನ್ನು ಜೊತೆಯಾಗಿ ನೋಡಬೇಕು.

ಮೊದಲನೆಯದು 1928ರ ರಾಮನ್ ಪರಿಣಾಮ. ಕೆ. ಎಸ್. ಕೃಷ್ಣನ್ ಅವರೊಡನೆ ಬರೆದ ಟಿಪ್ಪಣಿ ಅದೇ ವರ್ಷ ‘ನೇಚರ್’ ಪತ್ರಿಕೆಯಲ್ಲಿ ಪ್ರಕಟವಾಯಿತು. ಅದೇ ವರ್ಷ ಅಮೆರಿಕದ ಆರ್. ಡಬ್ಲ್ಯು. ವುಡ್ ಪ್ರಯೋಗ ಮಾಡಿ ನೋಡಿ ಫಲಿತಾಂಶವನ್ನು ದೃಢಪಡಿಸಿದರು. ಮಾಸ್ಕೋದಲ್ಲಿ ಲ್ಯಾಂಡ್ಸ್‌ಬರ್ಗ್ ಮತ್ತು ಮ್ಯಾಂಡೆಲ್‌ಸ್ಟಾಮ್ ಸ್ವತಂತ್ರವಾಗಿ ಇದೇ ವಿದ್ಯಮಾನವನ್ನು ಹರಳುಗಳಲ್ಲಿ ಕಂಡಿದ್ದರು. ಜಗತ್ತು ಒಪ್ಪಿದ್ದು ರಾಮನ್ನರ ಗತ್ತನ್ನು ನೋಡಿ ಅಲ್ಲ, ರೋಹಿತದಲ್ಲಿ ಕಂಡ ಹೊಸ ರೇಖೆಗಳನ್ನು ನೋಡಿ.

ಎರಡನೆಯದು ಬೆಂಗಳೂರಿನದು. 1933ರಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ನಿರ್ದೇಶಕರಾದ ರಾಮನ್, ಜರ್ಮನಿಯಿಂದ ಹೊರಬಿದ್ದಿದ್ದ ಮ್ಯಾಕ್ಸ್ ಬಾರ್ನ್ ಅವರನ್ನು 1935–36ರಲ್ಲಿ ಇಲ್ಲಿಗೆ ಕರೆಸಿದರು. ಮುಂದೆ 1940ರ ದಶಕದಲ್ಲಿ ಇವರಿಬ್ಬರ ನಡುವೆ ಹರಳುಗಳ ಪರಮಾಣುಗಳ ಕಂಪನದ ಬಗ್ಗೆ ದೊಡ್ಡ ವಿವಾದ ನಡೆಯಿತು. ಕಂಪನದ ಆವೃತ್ತಿಗಳು ಎಣಿಸಬಹುದಾದ ಕೆಲವೇ ಎಂಬುದು ರಾಮನ್ ವಾದ. ಅವು ಅವಿಚ್ಛಿನ್ನವಾಗಿ ಹರಡಿಕೊಂಡಿರುತ್ತವೆ ಎಂಬುದು ಬಾರ್ನ್ ಸಿದ್ಧಾಂತ. 1950ರ ದಶಕದಲ್ಲಿ ನ್ಯೂಟ್ರಾನ್ ಚದರಿಕೆಯ ಪ್ರಯೋಗಗಳು ಬಾರ್ನ್ ಕಡೆಗೆ ತೀರ್ಪು ಕೊಟ್ಟವು. ರಾಮನ್ನರ ನೊಬೆಲ್ ಪಾರಿತೋಷಕವಾಗಲಿ ದೃಢವಿಶ್ವಾಸವಾಗಲಿ ಇಲ್ಲಿ ನೆರವಿಗೆ ಬರಲಿಲ್ಲ. ಇದರಿಂದ ರಾಮನ್ ಚಿಕ್ಕವರಾಗುವುದಿಲ್ಲ. ವಿಜ್ಞಾನ ಒಬ್ಬ ವ್ಯಕ್ತಿಗಿಂತ ದೊಡ್ಡದು ಎಂಬುದಷ್ಟೇ ತಿಳಿಯುತ್ತದೆ. ಕಥೆಯ ಮೇಧಾವಿಗೆ ಇಂಥ ಎರಡನೆಯ ಪ್ರಸಂಗವನ್ನು ಲೇಖಕರು ಸಾಮಾನ್ಯವಾಗಿ ಬರೆಯುವುದೇ ಇಲ್ಲ.

ತರಗತಿಯ ಮಂದಣ್ಣರು

ಇದರಿಂದ ನಮಗೇನು ಎಂದು ಶಿಕ್ಷಕ ಮಿತ್ರರು ಕೇಳಬಹುದು. ಅಹಂಕಾರಿ ಮೇಧಾವಿಯ ಚಿತ್ರ ತರಗತಿಯಲ್ಲಿ ಎರಡು ಬಗೆಯ ಹಾನಿ ಮಾಡುತ್ತದೆ. ಬೇಗ ಉತ್ತರ ಹೇಳುವ ಚುರುಕು ಹುಡುಗ, ತಾಳ್ಮೆಗೆಟ್ಟು ಮಾತನಾಡುವುದು ತನ್ನ ಹಕ್ಕು ಎಂದುಕೊಳ್ಳುತ್ತಾನೆ. ಅವನ ಹಾನಿ ಚಿಕ್ಕದು. ಮುಂದೆ ಯಾವುದಾದರೂ ಪ್ರಯೋಗ ಅವನನ್ನು ಸರಿಪಡಿಸೀತು. ದೊಡ್ಡ ಹಾನಿ ಹಿಂದಿನ ಬೆಂಚಿನಲ್ಲಿದೆ. ನಿಧಾನವಾಗಿ ಯೋಚಿಸುವ, ಮಾತಿಗೆ ಸಂಕೋಚಪಡುವ ವಿದ್ಯಾರ್ಥಿ, ವಿಜ್ಞಾನ ತನ್ನಂಥವರಿಗಲ್ಲ ಎಂದು ತೀರ್ಮಾನಿಸಿಬಿಡುತ್ತಾನೆ. ಅವನನ್ನು ಸರಿಪಡಿಸುವ ಪ್ರಯೋಗ ಯಾವುದೂ ಮುಂದೆ ಬರುವುದಿಲ್ಲ, ಏಕೆಂದರೆ ಅವನು ಆ ದಾರಿಯನ್ನೇ ಬಿಟ್ಟಿರುತ್ತಾನೆ.

ಮಹಾಲಿಂಗಪುರ ಬೆಲ್ಲದ ಪೇಟೆಗೆ ಹೆಸರಾದ ಊರು. ಬೆಲ್ಲ ತಯಾರಿಸುವ ಮನೆತನಗಳ ಮಕ್ಕಳು ನಮ್ಮ ಭಾಗದ ತರಗತಿಗಳಲ್ಲಿದ್ದಾರೆ. ಕಬ್ಬಿನ ಹಾಲು ಕುದಿಯುವಾಗ ಗುಳ್ಳೆಗಳ ಆಕಾರ ಹೇಗೆ ಬದಲಾಗುತ್ತದೆ, ಯಾವಾಗ ಸುಣ್ಣ ಹಾಕಬೇಕು, ಕೊಳೆ ಯಾವಾಗ ತೆಗೆಯಬೇಕು ಎಂಬುದನ್ನು ಅವರು ಕಣ್ಣಾರೆ ಕಂಡಿರುತ್ತಾರೆ. ಪಾಕದ ಒಂದಿಷ್ಟನ್ನು ತಣ್ಣೀರಿಗೆ ಬಿಟ್ಟು ಬೆರಳಿನಿಂದ ಮುಟ್ಟಿ ಹದ ಹೇಳುವುದನ್ನು ನೋಡಿರುತ್ತಾರೆ. ಆ ಹದ ಬರುವುದು ಸುಮಾರು 118 ಡಿಗ್ರಿ ಸೆಲ್ಸಿಯಸ್‌ನಲ್ಲಿ. ನೀರು 100 ಡಿಗ್ರಿಯಲ್ಲಿ ಕುದಿಯುತ್ತದೆ ಎಂದು ಪಾಠ ಮಾಡುವ ನಾವು, ಕಡಾಯಿಯಲ್ಲಿ ಉಷ್ಣತೆ ಅದಕ್ಕಿಂತ ಮೇಲೇರುವುದು ಹೇಗೆ ಎಂದು ಆ ಮಕ್ಕಳನ್ನು ಕೇಳುತ್ತೇವೆಯೇ? ಕರಗಿದ ಸಕ್ಕರೆಯ ಸಾಂದ್ರತೆ ಹೆಚ್ಚಿದಂತೆ ಕುದಿಯುವ ಬಿಂದು ಏರುತ್ತದೆ ಎಂಬ ಪಾಠಕ್ಕೆ ಇದಕ್ಕಿಂತ ಒಳ್ಳೆಯ ಪ್ರಯೋಗಶಾಲೆ ಬೇರೆ ಯಾವುದು? ಆ ಪಾಠದ ದಿನ ಹಿಂದಿನ ಬೆಂಚಿನ ಹುಡುಗನೇ ತರಗತಿಯ ಮಂದಣ್ಣ. ಅವನನ್ನು ಗುರುತಿಸಲು ಒಬ್ಬ ಕರ್ವಾಲೋ ಬೇಕು.

ಒಂದು ಸಲಹೆಯಿದೆ. ಶಾಲೆ ಅಥವಾ ಕಾಲೇಜಿನ ವಿಜ್ಞಾನ ಸಂಘದಲ್ಲಿ ‘ಕರ್ವಾಲೋ’ ಓದಿಸಿ; ಸಾಧ್ಯವಾದರೆ ಜೊತೆಗೆ ಚಾಲೆಂಜರ್‌ನ ಕಥೆಯನ್ನೂ ಹೇಳಿ. ನಂತರ ವಿದ್ಯಾರ್ಥಿಗಳ ಮುಂದೆ ಮೂರು ಪ್ರಶ್ನೆಗಳನ್ನಿಡಿ. ಈ ವಿಜ್ಞಾನಿಗೆ ತಾನು ಹೇಳಿದ್ದು ಹೇಗೆ ಗೊತ್ತಾಯಿತು? ಅದಕ್ಕೆ ಯಾರು ಯಾರು ನೆರವಾದರು? ಅವನು ಹೇಳಿದ್ದು ತಪ್ಪಾಗಿದ್ದರೆ ಅದು ಯಾರಿಗೆ, ಹೇಗೆ ತಿಳಿಯುತ್ತಿತ್ತು? ಷರ್ಲಾಕ್ ಹೋಮ್ಸನಿಗೂ ಶೆಲ್ಡನ್ ಕೂಪರನಿಗೂ ಇವೇ ಪ್ರಶ್ನೆಗಳನ್ನು ಹಾಕಿ ನೋಡಲಿ. ಕಥೆಯ ಸ್ವಾರಸ್ಯ ಇದರಿಂದ ಕಡಿಮೆಯಾಗುವುದಿಲ್ಲ. ತರಗತಿಯಲ್ಲಿ ನಾವು ಹೇಳುವ ಪಾಠದ ಬಗ್ಗೆಯೂ ಮಕ್ಕಳು ಆ ಮೂರನೆಯ ಪ್ರಶ್ನೆಯನ್ನು ಕೇಳಬಹುದು. ಆಗ ರೇಗದೆ ಉತ್ತರಿಸುವ ಸಿದ್ಧತೆ ನಮಗಿರಬೇಕು.